ಕಡಲಿನ ಎಣ್ಣೆ ತೆಗೆಯುವವರ ಮೈ ಕಾಯುವುದು ಹೇಗೆ?

2025ರ ಜೂನ್ ತಿಂಗಳು. ಶಾಲೆ ಶುರುವಾಗಿ ಒಂದು ವಾರ ಆಗಿತ್ತಷ್ಟೆ. ಮೇ 25ರಂದು ಕೊಚ್ಚಿಯ ಆಚೆ ಕಡಲಿನಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿತ್ತು. ಅದರಲ್ಲಿ 640 ಕಂಟೈನರುಗಳು, ಸುಮಾರು 84 ಟನ್ ಡೀಸೆಲ್, 367 ಟನ್ ಫರ್ನೇಸ್ ಎಣ್ಣೆ ಇತ್ತು. ಆ ಸುದ್ದಿ ಆರುವ ಮೊದಲೇ ಜೂನ್ 9ರಂದು ಕಣ್ಣೂರಿನ ಆಚೆ ವಾನ್ ಹೈ 503 ಎಂಬ ಇನ್ನೊಂದು ಹಡಗಿಗೆ ಬೆಂಕಿ ಬಿತ್ತು. ಪಾರಾದ 18 ನಾವಿಕರನ್ನು ಮಂಗಳೂರಿಗೆ ಕರೆತಂದರು. ಕಾಸರಗೋಡಿನ ನಮ್ಮ ಕಡಪ್ಪುರದಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ಆಗ ಎಂಟನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು ಕೇಳಿದ. ಅವನ ಅಪ್ಪ ಬೋಟಿಗೆ ಹೋಗುವವರು. "ಟೀಚರ್, ಎಣ್ಣೆ ನಮ್ಮ ಕಡೆಗೆ ಬಂದ್ರೆ ನಾವೆಲ್ಲ ಬಕೆಟ್ ಹಿಡ್ಕೊಂಡು ಹೋಗಿ ತೆಗೀಬಹುದಲ್ವಾ?"

ಒಳ್ಳೆಯ ಮನಸ್ಸಿನ ಪ್ರಶ್ನೆ. "ಬೇಡ" ಅಂದೆ. "ಯಾಕೆ ಟೀಚರ್?" ಅಂದ. ಅಷ್ಟರಲ್ಲಿ ಬೆಲ್ಲಾಯಿತು. ಆ "ಯಾಕೆ"ಗೆ ಪೂರ್ತಿ ಉತ್ತರ ಕೊಡುವುದು ಬಾಕಿ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಣ್ಣೆ ಚೆಲ್ಲಿದ ಸುದ್ದಿ ಬಂದಾಗ ಪತ್ರಿಕೆಯಲ್ಲಿ ಯಾವ ಚಿತ್ರ ನೋಡುತ್ತೇವೆ? ಕಪ್ಪು ಮೆತ್ತಿದ ಹಕ್ಕಿ, ಸತ್ತ ಮೀನು, ಮಸಿ ಬಳಿದಂಥ ಮರಳು. ಅವುಗಳ ಪಕ್ಕದಲ್ಲೇ ಬಗ್ಗಿ ಎಣ್ಣೆ ತೆಗೆಯುತ್ತಿರುವ ಒಬ್ಬ ಮನುಷ್ಯನೂ ಇರುತ್ತಾನೆ. ಅವನ ಕೈಯಲ್ಲಿ ಗ್ಲೌಸ್ ಉಂಟಾ? ಮೂಗಿಗೆ ಏನು ಕಟ್ಟಿದ್ದಾನೆ? ಎಷ್ಟು ಹೊತ್ತಿನಿಂದ ಬಿಸಿಲಲ್ಲಿ ನಿಂತಿದ್ದಾನೆ? ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆಗಳು ಇವು. ಕಡಲು ಶುದ್ಧವಾಗಬೇಕು ಸರಿ, ಆದರೆ ಶುದ್ಧ ಮಾಡಿದವರು ಆರೋಗ್ಯವಾಗಿ ಮನೆಗೆ ಹೋಗಬೇಕು. ಅದಕ್ಕೆ ಬೇಕಾದ ವಿಜ್ಞಾನದ ಹೆಚ್ಚಿನ ಭಾಗ ನಿಮ್ಮ ಪಾಠಪುಸ್ತಕದಲ್ಲೇ ಉಂಟು.

ಎಣ್ಣೂರಿನ ಬಕೆಟ್‌ಗಳು

ನಮ್ಮ ದೇಶದ್ದೇ ಉದಾಹರಣೆ ನೋಡೋಣ. 2017ರ ಜನವರಿ 28ರ ಬೆಳಗಿನ ಜಾವ ಚೆನ್ನೈನ ಉತ್ತರಕ್ಕಿರುವ ಎಣ್ಣೂರಿನ ಬಂದರಿನ ಹೊರಗೆ ಬಿಡಬ್ಲ್ಯೂ ಮೇಪಲ್ ಮತ್ತು ಡಾನ್ ಕಾಂಚಿಪುರಂ ಎಂಬ ಎರಡು ಹಡಗುಗಳು ಡಿಕ್ಕಿಯಾದವು. ದಪ್ಪನೆಯ ಇಂಧನ ಎಣ್ಣೆ ಕಡಲಿಗೆ ಸೇರಿತು. ಗಾಳಿ, ಅಲೆ, ಪ್ರವಾಹ ಸೇರಿ ಅದನ್ನು ದಡಕ್ಕೆ ತಂದು ಬಂಡೆಗಳ ಸಂದಿಯಲ್ಲಿ ತುಂಬಿದವು. ನೀರು, ಕಸ, ಎಣ್ಣೆ ಕಲಸಿ ಗಟ್ಟಿ ರಾಡಿಯಾಯಿತು. ಹೀರುವ ಯಂತ್ರಗಳನ್ನು ತಂದರೂ ಆ ರಾಡಿಯನ್ನು ಎಳೆಯಲು ಅವು ಒದ್ದಾಡಿದವು. ಕೊನೆಗೆ ಕೆಲಸಕ್ಕೆ ಬಂದದ್ದು ಬಕೆಟ್, ಮಗ್ಗು ಮತ್ತು ಮನುಷ್ಯರ ಕೈ. ಮೀನುಗಾರರು, ಕೂಲಿಯವರು, ಕಾಲೇಜು ವಿದ್ಯಾರ್ಥಿಗಳು ಸಾಲಾಗಿ ನಿಂತು ಬಕೆಟ್ ಕೈಯಿಂದ ಕೈಗೆ ದಾಟಿಸಿದರು. ಕೆಲವರಿಗೆ ಗಮ್ ಬೂಟು, ಗ್ಲೌಸ್ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಮಣಲಿ ಕೈಗಾರಿಕಾ ಪ್ರದೇಶದಿಂದ ಎಣ್ಣೆ ಹರಿದು ಅದೇ ಎಣ್ಣೂರಿನ ಅಳಿವೆಗೆ ಬಂತು. ಮತ್ತೆ ಸ್ಥಳೀಯ ಮೀನುಗಾರರೇ ದೋಣಿ ಹತ್ತಿ ಮಗ್ಗಿನಲ್ಲಿ ಎಣ್ಣೆ ಮೊಗೆದರು. ಮೊದಮೊದಲು ಬರಿಗೈಯಲ್ಲೇ ಮೊಗೆದವರೂ ಇದ್ದರು.

ಅವರ ಕೆಲಸ ಸಣ್ಣದಲ್ಲ, ಅವರಿಲ್ಲದಿದ್ದರೆ ಎಣ್ಣೆ ಇನ್ನೂ ಹರಡುತ್ತಿತ್ತು. ಆದರೆ ಬಲೆ ಹಾಳಾಗಿ, ಮೀನು ಮಾರಾಟವಿಲ್ಲದೆ ಮನೆಯಲ್ಲಿ ಕೂತ ಮೀನುಗಾರನಿಗೆ ದಿನಗೂಲಿ ಕೊಡುತ್ತೇವೆ ಅಂದರೆ "ಗ್ಲೌಸ್ ಇಲ್ಲದೆ ಬರುವುದಿಲ್ಲ" ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಆದ್ದರಿಂದ ಸುರಕ್ಷತೆಯನ್ನು ಕೆಲಸಗಾರನ ತಲೆಗೆ ಕಟ್ಟಿ ಬಿಡಬಾರದು. ಕೆಲಸಕ್ಕೆ ಕರೆದವರೇ ಅದನ್ನು ಮೊದಲು ಸಿದ್ಧಪಡಿಸಬೇಕು.

ಎಣ್ಣೆ ಒಂದೇ ವಸ್ತುವಲ್ಲ

ಕಚ್ಚಾ ತೈಲ ಅಂದರೆ ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಕಾರ್ಬನ್ ಸರಪಳಿ ಸಣ್ಣದಿದ್ದರೆ ಬೇಗ ಆವಿಯಾಗುತ್ತದೆ, ಉದ್ದವಿದ್ದರೆ ದಪ್ಪಗೆ ಅಂಟಾಗಿ ಉಳಿಯುತ್ತದೆ. ಪೆಟ್ರೋಲ್ ಬಂಕಿನಲ್ಲಿ ನೆಲಕ್ಕೆ ಬಿದ್ದ ನಾಲ್ಕು ಹನಿ ನೋಡನೋಡುತ್ತಲೇ ಮಾಯವಾಗುತ್ತದೆ, ವಾಸನೆ ಮಾತ್ರ ಮೂಗಿಗೆ ಬಡಿಯುತ್ತದೆ. ರಸ್ತೆಯ ಡಾಂಬರು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಎರಡೂ ಪೆಟ್ರೋಲಿಯಂನಿಂದಲೇ ಬಂದವು.

ಎಣ್ಣೆ ಕಡಲಿಗೆ ಬಿದ್ದ ಮೊದಲ ಕೆಲವು ಗಂಟೆ, ಮೊದಲ ಒಂದೆರಡು ದಿನ ಹಗುರ ಅಂಶಗಳು ಗಾಳಿಗೆ ಏರುತ್ತವೆ. ಇವುಗಳಲ್ಲಿ ಬೆನ್ಜೀನ್, ಟಾಲ್ವೀನ್, ಜೈಲೀನ್ ಇರುತ್ತವೆ. ಇವನ್ನು ಉಸಿರಾಡಿದರೆ ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣುರಿ ಬರುತ್ತದೆ. ಬೆನ್ಜೀನ್ ಇನ್ನೂ ಕೆಟ್ಟದ್ದು. ರಕ್ತಕಣಗಳನ್ನು ತಯಾರಿಸುವುದು ಮೂಳೆಯೊಳಗಿನ ಮಜ್ಜೆ ಎಂದು ಓದಿದ್ದೀರಿ. ಬೆನ್ಜೀನ್ ಹೊಡೆತ ಕೊಡುವುದು ಅಲ್ಲಿಗೇ. ಬಹುಕಾಲ ಉಸಿರಾಡಿದರೆ ರಕ್ತದ ಕ್ಯಾನ್ಸರ್ ಬರಬಹುದು ಎಂಬುದು ಖಚಿತವಾಗಿದೆ. ಅಮೆರಿಕದ ಕಾರ್ಮಿಕ ನಿಯಮದ ಪ್ರಕಾರ ಎಂಟು ಗಂಟೆಯ ಕೆಲಸದಲ್ಲಿ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಬೆನ್ಜೀನ್ ಸರಾಸರಿ 1 ಭಾಗ ಮೀರಬಾರದು. ಇಷ್ಟು ಸಣ್ಣ ಪ್ರಮಾಣವನ್ನು ಮೂಗು ಅಳೆಯಲಾರದು, ಉಪಕರಣವೇ ಬೇಕು.

ಹಗುರ ಅಂಶ ಹೋದ ಮೇಲೆ ದಡಕ್ಕೆ ಬರುವುದು ದಪ್ಪ ಎಣ್ಣೆ ಮತ್ತು ಡಾಂಬರಿನಂಥ ಉಂಡೆಗಳು. ಆಗ ಆವಿಯ ಭಯ ಕಡಿಮೆ, ಚರ್ಮಕ್ಕೆ ತಾಗುವ ಭಯ ಹೆಚ್ಚು. ದಪ್ಪ ಎಣ್ಣೆಯಲ್ಲಿ ಹಲವು ಬೆನ್ಜೀನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಬಹುಚಕ್ರೀಯ ಹೈಡ್ರೋಕಾರ್ಬನ್‌ಗಳು ಇರುತ್ತವೆ. ಇವುಗಳಲ್ಲೂ ಕೆಲವು ಕ್ಯಾನ್ಸರ್ ತರುವಂಥವು.

ಇದರಿಂದ ಮೊದಲ ಪಾಠ ಸಿಗುತ್ತದೆ. ಸುದ್ದಿ ಕೇಳಿದ ಕೂಡಲೇ ಓಡಿ ಹೋಗುವುದು ಸಹಾಯದಂತೆ ಕಂಡರೂ ಗಾಳಿ ಅತ್ಯಂತ ವಿಷವಾಗಿರುವುದು ಆ ಹೊತ್ತಿನಲ್ಲೇ. ಮೊದಲು ಗಾಳಿ ಅಳೆಯುವವರು ಹೋಗಬೇಕು, ಕೆಲಸಗಾರರ ಸರದಿ ಆಮೇಲೆ.

ಮೈಯೊಳಗೆ ಬರುವ ದಾರಿಗಳು

ವಿಷ ದೇಹಕ್ಕೆ ಬರಲು ಮುಖ್ಯವಾಗಿ ಮೂರು ದಾರಿ: ಉಸಿರು, ಚರ್ಮ, ಬಾಯಿ. ಉಸಿರಿನ ಬಗ್ಗೆ ಹೇಳಿದೆ. ಚರ್ಮದ ಮೇಲೆ ನಮ್ಮದೇ ಒಂದು ತೆಳು ಎಣ್ಣೆಯ ಪದರ ಇರುತ್ತದೆ. ನೀರು ಅದನ್ನು ದಾಟುವುದಿಲ್ಲ, ಪೆಟ್ರೋಲಿಯಂ ದಾಟುತ್ತದೆ. ಎಣ್ಣೆಯಲ್ಲಿ ಎಣ್ಣೆ ಕರಗುತ್ತದಲ್ಲ! ಹಾಗಾಗಿ ಚರ್ಮ ಒಣಗಿ ಬಿರಿಯುತ್ತದೆ, ತುರಿಸುತ್ತದೆ, ರೋಮದ ಬುಡದಲ್ಲಿ ಗುಳ್ಳೆ ಏಳುತ್ತದೆ. ಬಿರಿದ ಚರ್ಮದಲ್ಲಿ ವಿಷ ಇನ್ನೂ ಸುಲಭವಾಗಿ ಇಳಿಯುತ್ತದೆ.

ಇಲ್ಲೊಂದು ದೊಡ್ಡ ತಪ್ಪು ನಡೆಯುತ್ತದೆ. ಕೈಗೆ ಮೆತ್ತಿದ ಕಪ್ಪು ಎಣ್ಣೆ ಹೋಗಲಿ ಅಂತ ಚಿಮಿಣಿ ಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತಿಕ್ಕುತ್ತಾರೆ. ಕಲೆ ಹೋಗುವುದು ನಿಜ. ಜೊತೆಗೆ ಚರ್ಮದ ಕಾವಲಿನ ಪದರವೂ ಕರಗಿ ಹೋಗುತ್ತದೆ, ವಿಷಕ್ಕೆ ನಾವೇ ಬಾಗಿಲು ತೆರೆದು ಕೊಟ್ಟ ಹಾಗೆ. ಸರಿಯಾದ ದಾರಿ ಅಡುಗೆಮನೆಯಲ್ಲೇ ಉಂಟು. ಸ್ವಲ್ಪ ತೆಂಗಿನೆಣ್ಣೆ ಸವರಿ ಕಪ್ಪನ್ನು ಮೆದು ಮಾಡಿ ಬಟ್ಟೆಯಲ್ಲಿ ಒರೆಸಬೇಕು, ಆಮೇಲೆ ಸಾಬೂನು ನೀರಿನಲ್ಲಿ ತೊಳೆಯಬೇಕು. ಸಾಬೂನಿನ ಅಣುವಿನ ಒಂದು ತುದಿ ಎಣ್ಣೆಯನ್ನು, ಇನ್ನೊಂದು ತುದಿ ನೀರನ್ನು ಹಿಡಿದುಕೊಂಡು ಎಣ್ಣೆಯನ್ನು ಹೊರಕ್ಕೆ ಎಳೆಯುತ್ತದೆ.

ಮೂರನೆಯ ದಾರಿ ಬಾಯಿ. ಎಣ್ಣೆಯನ್ನು ಯಾರೂ ಬೇಕೂಂತ ಕುಡಿಯುವುದಿಲ್ಲ. ಆದರೆ ಕೈ ತೊಳೆಯದೆ ಬನ್ ತಿಂದರೆ, ಬೀಡಿ ಸೇದಿದರೆ, ವೀಳ್ಯ ಹಾಕಿದರೆ ಎಣ್ಣೆ ಹೊಟ್ಟೆಗೇ ಹೋಯಿತು. ಬೀಡಿಯ ಬೆಂಕಿಯಿಂದ ಬರುವ ಅಪಾಯ ಬೇರೆ ಹೇಳಬೇಕಾಗಿಲ್ಲ. ಆದ್ದರಿಂದಲೇ ಎಣ್ಣೆ ಇರುವ ಜಾಗದಲ್ಲಿ ತಿನ್ನುವುದು, ಸೇದುವುದು ಪೂರ್ತಿ ನಿಷಿದ್ಧ.

ಯಾವ ಗ್ಲೌಸ್?

"ಗ್ಲೌಸ್ ಹಾಕಿಕೊಂಡರೆ ಆಯ್ತಲ್ಲ" ಅನ್ನಬಹುದು. ಯಾವ ಗ್ಲೌಸ್ ಎಂಬುದು ಮುಖ್ಯ. ಇದಕ್ಕೊಂದು ಪ್ರಯೋಗ ಮಾಡಿ, ಟೀಚರ್ ಅಥವಾ ಮಾಷ್ಟ್ರು ಹತ್ತಿರ ಇದ್ದಾಗ ಮಾತ್ರ, ಬೆಂಕಿಯಿಂದ ದೂರ. ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಂಡು ಉದ್ದ ಅಳೆದು ಬರೆದಿಡಿ. ಒಂದನ್ನು ನೀರಿನ ಬಾಟಲಿಯಲ್ಲಿ, ಇನ್ನೊಂದನ್ನು ಸ್ವಲ್ಪ ಚಿಮಿಣಿ ಎಣ್ಣೆ ಇರುವ ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಳ ಹಾಕಿ. ಮರುದಿನ ಇಕ್ಕಳದಲ್ಲಿ ಹೊರಗೆ ತೆಗೆದು ಅಳೆಯಿರಿ. ನೀರಿನದ್ದು ಹಾಗೇ ಉಂಟು. ಚಿಮಿಣಿ ಎಣ್ಣೆಯಲ್ಲಿದ್ದದ್ದು ಊದಿ ಉದ್ದವಾಗಿ, ಮೆದುವಾಗಿ, ಸ್ವಲ್ಪ ಎಳೆದರೂ ತುಂಡಾಗುವಂತೆ ಆಗಿರುತ್ತದೆ.

ಕಾರಣ ಏನು? ನಮ್ಮ ತೋಟಗಳಲ್ಲಿ ಹಾಲು ತೆಗೆಯುವ ಆ ರಬ್ಬರೂ ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ ಇರುವ ಉದ್ದನೆಯ ಸರಪಳಿ. ಪೆಟ್ರೋಲಿಯಂ ಸಹ ಅದೇ ಕುಲದ್ದು. ಎಣ್ಣೆಯ ಅಣುಗಳು ರಬ್ಬರಿನ ಸರಪಳಿಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತವೆ. ಹಾಗಾಗಿ ಆಸ್ಪತ್ರೆಯಲ್ಲಿ ಕಾಣುವ ತೆಳು ಲೇಟೆಕ್ಸ್ ಗ್ಲೌಸ್ ಎಣ್ಣೆಯ ಕೆಲಸಕ್ಕೆ ಬಾರದು. ಬೇಕಾದದ್ದು ನೈಟ್ರೈಲ್ ಎಂಬ ಕೃತಕ ರಬ್ಬರಿನ ದಪ್ಪ ಗ್ಲೌಸ್. ಅದರ ಸರಪಳಿಯಲ್ಲಿ ಅಲ್ಲಲ್ಲಿ ನೈಟ್ರೋಜನ್ ಇರುವ ಗುಂಪುಗಳಿವೆ. ಅವುಗಳಲ್ಲಿ ವಿದ್ಯುದಾವೇಶ ಸಮವಾಗಿ ಹಂಚಿಕೊಂಡಿರುವುದಿಲ್ಲ, ಹಾಗಾಗಿ ಎಣ್ಣೆ ಸುಲಭವಾಗಿ ಒಳನುಗ್ಗುವುದಿಲ್ಲ. ಹಾಗಂತ ನೈಟ್ರೈಲ್ ಗ್ಲೌಸ್ ಶಾಶ್ವತವೂ ಅಲ್ಲ. ಬೆನ್ಜೀನ್, ಟಾಲ್ವೀನ್‌ನಂಥವು ಹೊತ್ತು ಕಳೆದಂತೆ ಅದನ್ನೂ ದಾಟುತ್ತವೆ. ಹರಿದರೆ, ಊದಿದರೆ, ಒಳಗೆ ಒದ್ದೆಯಾದರೆ ಕೂಡಲೇ ಬದಲಿಸಬೇಕು.

ಯಾವ ಮಾಸ್ಕ್?

ಕೊರೋನಾ ಕಾಲದಲ್ಲಿ ಎನ್-95 ಮಾಸ್ಕ್ ಎಲ್ಲರಿಗೂ ಪರಿಚಯವಾಯಿತು. ಅದು ತಡೆಯುವುದು ಕಣಗಳನ್ನು: ಧೂಳು, ಹೊಗೆಯ ಕಣ, ಸಣ್ಣ ಹನಿ. ಬೆನ್ಜೀನ್ ಆವಿ ಬಿಡಿ ಬಿಡಿ ಅಣುಗಳ ರೂಪದಲ್ಲಿರುತ್ತದೆ. ಮಾಸ್ಕಿನ ನಾರುಗಳ ನಡುವೆ ಅದು ಸಲೀಸಾಗಿ ತೂರಿ ಹೋಗುತ್ತದೆ. ಸೊಳ್ಳೆ ಪರದೆ ಸೊಳ್ಳೆಯನ್ನು ತಡೆದರೂ ಊದುಬತ್ತಿಯ ವಾಸನೆಯನ್ನು ತಡೆಯುತ್ತದಾ? ಹಾಗೇ ಇದು. ಒದ್ದೆ ಬೈರಾಸು ಕಟ್ಟಿಕೊಂಡರೂ ಅಷ್ಟೇ.

ಆವಿಗೆ ಬೇಕಾದದ್ದು ಸಕ್ರಿಯ ಇದ್ದಿಲು ತುಂಬಿದ ಡಬ್ಬಿ ಇರುವ ಉಸಿರುಕವಚ. ಇದ್ದಿಲಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಿವೆ, ಆವಿಯ ಅಣುಗಳು ಅವುಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಗೋಡೆಯೆಲ್ಲ ತುಂಬಿದ ಮೇಲೆ ಅಂಟಲು ಜಾಗವಿಲ್ಲ, ಆಗ ಡಬ್ಬಿ ಬದಲಿಸಲೇಬೇಕು. ಕವಚ ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಡ್ಡ ಇದ್ದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಇದ್ದಿಲ ಡಬ್ಬಿ ಆಕ್ಸಿಜನ್ ತಯಾರಿಸುವುದಿಲ್ಲ ಎಂಬುದನ್ನೂ ನೆನಪಿಡಿ. ಗಾಳಿಯಾಡದ ಟ್ಯಾಂಕಿನೊಳಗೆ ಇಳಿಯಲು ಅದು ಸಾಲದು.

ಕೆಲವು ಕಚ್ಚಾ ತೈಲದಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ. "ಈಗ ವಾಸನೆ ಇಲ್ಲ, ಅನಿಲ ಹೋಯ್ತು" ಅಂತ ನಂಬಿದರೆ ಮೋಸ ಹೋಗುತ್ತೇವೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗ ಆ ಅನಿಲ ಸೇರಿದರೆ ಮೂಗಿನ ಗ್ರಹಣಶಕ್ತಿಯೇ ಸತ್ತು ಹೋಗುತ್ತದೆ. ವಾಸನೆ ನಿಂತದ್ದು ಅಪಾಯ ಹೆಚ್ಚಿದ್ದರಿಂದಲೂ ಇರಬಹುದು. ಇಲ್ಲೂ ಮೂಗನ್ನು ನಂಬದೆ ಅಳೆಯುವ ಉಪಕರಣವನ್ನೇ ನಂಬಬೇಕು.

ಕವಚದೊಳಗಿನ ಸೆಕೆ

ಇಷ್ಟೆಲ್ಲ ಹಾಕಿಕೊಂಡ ಮೇಲೆ ಹೊಸ ಶತ್ರು ಬರುತ್ತಾನೆ. ಅವನೇ ಸೆಕೆ.

2010ರ ಏಪ್ರಿಲ್ 20ರಂದು ಅಮೆರಿಕದ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ವೇದಿಕೆ ಸ್ಫೋಟಿಸಿತು. 11 ಕಾರ್ಮಿಕರು ಸತ್ತರು. ಕಡಲ ತಳದ ಬಾವಿಯಿಂದ ಎಣ್ಣೆ ಹರಿಯುವುದನ್ನು ನಿಲ್ಲಿಸಲು 87 ದಿನ ಬೇಕಾಯಿತು. ದಡದಲ್ಲಿ, ಕಡಲಲ್ಲಿ ಸಾವಿರಾರು ಜನ ಶುದ್ಧೀಕರಣಕ್ಕೆ ಇಳಿದರು, ಅವರಲ್ಲಿ ಕೆಲಸ ಕಳೆದುಕೊಂಡ ಮೀನುಗಾರರು ತುಂಬ ಮಂದಿ ಇದ್ದರು. ಬೇಸಗೆಯ ಬಿಸಿಲಲ್ಲಿ, ಗಾಳಿಯಾಡದ ಕವಚದೊಳಗೆ ಅವರನ್ನು ದಿನವೂ ಕಾಡಿದ ದೊಡ್ಡ ತೊಂದರೆ ಈ ಸೆಕೆಯೇ.

ಒಂದು ಸಣ್ಣ ಲೆಕ್ಕ ಮಾಡೋಣ. ಬಗ್ಗಿ ಎದ್ದು ಕಷ್ಟದ ಕೆಲಸ ಮಾಡುವವನ ದೇಹದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 450 ಜೂಲ್ ಶಾಖ ಹುಟ್ಟುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಗಂಟೆಗೆ 450 × 3600, ಅಂದರೆ 1620 ಕಿಲೋಜೂಲ್. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಹಾಗಾದರೆ ಗಂಟೆಗೆ ಮುಕ್ಕಾಲು ಲೀಟರಿನ ಹತ್ತಿರ ಹತ್ತಿರ ಬೆವರು ಆರಿದರೆ ಸಾಕು, ದೇಹ ತಂಪಾಗಿರುತ್ತದೆ.

ಆದರೆ ಪ್ಲಾಸ್ಟಿಕ್ಕಿನಂಥ ಕವಚದೊಳಗೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ತಂಪು ಕೊಡದು. 60 ಕಿಲೋ ತೂಕದ ದೇಹದ ಉಷ್ಣತೆ 1 ಡಿಗ್ರಿ ಏರಲು ಸುಮಾರು 210 ಕಿಲೋಜೂಲ್ ಸಾಕು. ಹುಟ್ಟಿದ ಶಾಖ ಒಂದಿಷ್ಟೂ ಹೊರಗೆ ಹೋಗದಿದ್ದರೆ 210 ಕಿಲೋಜೂಲ್ ಸೇರಲು ಬೇಕಾಗುವುದು ಬರೀ 8 ನಿಮಿಷ! ನಿಜವಾಗಿ ಅಷ್ಟು ಬೇಗ ಆಗುವುದಿಲ್ಲ, ಸ್ವಲ್ಪ ಶಾಖ ಹೊರಗೆ ಹೋಗುತ್ತಲೇ ಇರುತ್ತದೆ. ಅರ್ಧ ಹೊರಗೆ ಹೋಯಿತು ಅಂದುಕೊಂಡರೂ 16 ನಿಮಿಷಕ್ಕೆ 1 ಡಿಗ್ರಿ ಏರುತ್ತದೆ. 37ರಲ್ಲಿ ಇರಬೇಕಾದ ದೇಹ 40 ದಾಟಿದರೆ ಜೀವಕ್ಕೇ ಅಪಾಯ.

ಈ ಲೆಕ್ಕ ಗೊತ್ತಿದ್ದರೆ ಅಲ್ಲಿನ ನಿಯಮ ವಿಚಿತ್ರ ಅನ್ನಿಸುವುದಿಲ್ಲ. ಮೆಕ್ಸಿಕೊ ಕೊಲ್ಲಿಯ ದಡದಲ್ಲಿ ತೀರಾ ಸೆಕೆಯ ಹೊತ್ತಿನಲ್ಲಿ ಕವಚ ಹಾಕಿದವರಿಗೆ 20 ನಿಮಿಷ ಕೆಲಸ, 40 ನಿಮಿಷ ನೆರಳಿನಲ್ಲಿ ವಿಶ್ರಾಂತಿ ಎಂಬ ಕ್ರಮ ಇತ್ತು. ದೂರದಿಂದ ನೋಡಿದವರಿಗೆ "ಇವರು ಕೂತೇ ಇರ್ತಾರಲ್ಲ" ಅನ್ನಿಸಿರಬಹುದು. ಆ 40 ನಿಮಿಷವೂ ಕೆಲಸದ್ದೇ ಭಾಗ. 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಬೆವರಿನಲ್ಲಿ ಹೋದ ಉಪ್ಪಿಗೆ ಉಪ್ಪು ಹಾಕಿದ ಗಂಜಿ ನೀರು ಅಥವಾ ಮಜ್ಜಿಗೆ ಬೇಕು. ಬಾಯಾರಿಕೆ ಆಗುವವರೆಗೆ ಕಾಯಬಾರದು. ಇಬ್ಬಿಬ್ಬರು ಜೊತೆಯಾಗಿ ಕೆಲಸ ಮಾಡಿ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಬೇಕು. ಜೊತೆಗಾರ ತಡವರಿಸಿ ಮಾತಾಡಿದರೆ, ಏನೇನೋ ಹೇಳಿದರೆ, ಕುಸಿದರೆ ಕೂಡಲೇ ನೆರಳಿಗೆ ತಂದು ಕವಚ ತೆಗೆದು ಮೈಗೆ ನೀರು ಸುರಿದು ಗಾಳಿ ಬೀಸಿ, ಆಂಬುಲೆನ್ಸಿಗೆ ಫೋನ್ ಮಾಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಹಾಗಾಗಿ "ಎಲ್ಲರಿಗೂ ಎಲ್ಲ ಕವಚ" ಎಂಬುದು ಸುರಕ್ಷತೆ ಅಲ್ಲ. ಗಾಳಿ ಅಳೆದು ಆವಿ ಇಲ್ಲ ಅಂತ ಗೊತ್ತಾದ ಮೇಲೂ ಡಾಂಬರು ಉಂಡೆ ಹೆಕ್ಕುವವನಿಗೆ ಬಿಗಿ ಉಸಿರುಕವಚ ಹಾಕಿಸಿದರೆ ಸೆಕೆಯೇ ಅವನನ್ನು ಬೀಳಿಸೀತು. ಯಾವ ಕೆಲಸಕ್ಕೆ ಯಾವ ಅಪಾಯ ಅಂತ ಅಳೆದು, ಅಷ್ಟಕ್ಕೆ ತಕ್ಕ ಕವಚ ಕೊಡಬೇಕು.

ಮೂರು ವಲಯ

ಎಣ್ಣೆ ಇರುವ ದಡವನ್ನು ಹಗ್ಗ ಕಟ್ಟಿ ಮೂರು ಭಾಗ ಮಾಡುತ್ತಾರೆ. ಎಣ್ಣೆ ಇರುವ ಜಾಗ ಬಿಸಿ ವಲಯ, ಪೂರ್ತಿ ಕವಚ ಇಲ್ಲದೆ ಅಲ್ಲಿಗೆ ಪ್ರವೇಶವಿಲ್ಲ. ಅದರ ಹೊರಗಿನದ್ದು ನಡುವಿನ ವಲಯ. ಇಲ್ಲಿ ಬೂಟು ಉಜ್ಜಿ ತೊಳೆದು, ಕವಚದ ಹೊರಮೈ ಒಳಗಾಗುವಂತೆ ಸುರುಳಿ ಸುತ್ತುತ್ತಾ ತೆಗೆಯುತ್ತಾರೆ. ತೊಳೆದ ನೀರನ್ನೂ ಕಡಲಿಗೆ ಬಿಡುವಂತಿಲ್ಲ. ಅದರಾಚೆ ಶುದ್ಧ ವಲಯ. ಊಟ, ನೀರು, ವಿಶ್ರಾಂತಿ, ಡಾಕ್ಟರು ಎಲ್ಲ ಇಲ್ಲಿ.

ಈ ಹಗ್ಗ ಯಾಕೆ ಮುಖ್ಯ ಗೊತ್ತುಂಟಾ? ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಅಪ್ಪ ಮನೆಗೆ ಬಂದರೆ ಚಾಪೆ, ಬಾವಿಕಟ್ಟೆ, ಅಪ್ಪನನ್ನು ಅಪ್ಪಿಕೊಳ್ಳುವ ತಂಗಿ ಎಲ್ಲವೂ ಬಿಸಿ ವಲಯವಾಗುತ್ತದೆ. ಬಟ್ಟೆ ಒಗೆಯುವ ಅಮ್ಮನ ಬರಿಗೈಗೆ ಅದೇ ಎಣ್ಣೆ. ಕೂಲಿ ಒಬ್ಬರಿಗೆ, ವಿಷ ಮನೆಮಂದಿಗೆಲ್ಲ! ಕೆಲಸದ ಬಟ್ಟೆ ಕೆಲಸದ ಜಾಗದಲ್ಲೇ ಉಳಿಯಬೇಕು ಎನ್ನುವುದು ಇದಕ್ಕೇ.

ಅರ್ಥವಾಗುವ ಭಾಷೆ, ಹೆಸರಿನ ಪಟ್ಟಿ

ಒಳ್ಳೆಯ ಗ್ಲೌಸ್ ಕೊಟ್ಟು ಅದನ್ನು ತೆಗೆಯುವುದು ಹೇಗೆ ಅಂತ ಹೇಳಿಕೊಡದಿದ್ದರೆ ಏನು ಬಂತು? ಅಮೆರಿಕದಲ್ಲಿ ಕೆಲಸಕ್ಕೆ ಇಳಿಸುವ ಮೊದಲು ತರಬೇತಿ ಕಡ್ಡಾಯವಾಗಿತ್ತು. ಅಲ್ಲಿನ ಕರಾವಳಿಯಲ್ಲಿ ವಿಯೆಟ್ನಾಂ ಮೂಲದ ಮೀನುಗಾರರು, ಸ್ಪ್ಯಾನಿಶ್ ಮಾತಾಡುವ ಕಾರ್ಮಿಕರು ತುಂಬ ಮಂದಿ. ಹಾಗಾಗಿ ಸುರಕ್ಷತೆಯ ಕೈಪಿಡಿಗಳನ್ನು ಇಂಗ್ಲಿಷಿನ ಜೊತೆ ಸ್ಪ್ಯಾನಿಶ್, ವಿಯೆಟ್ನಾಮೀಸ್ ಭಾಷೆಗಳಲ್ಲೂ ಅಚ್ಚು ಹಾಕಿದರು. ಗಡಿನಾಡಿನ ನಮಗೆ ಇದರ ಬೆಲೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಪಾಯದ ಫಲಕ ಎದುರಿಗೇ ಇದ್ದರೂ ಅದರ ಲಿಪಿ ಓದಲು ಬಾರದಿದ್ದರೆ ಅದು ಬರೀ ಬಣ್ಣ ಬಳಿದ ತಗಡು. ನಮ್ಮ ಬಂದರುಗಳಲ್ಲಿ ಮಲಯಾಳಂ, ತುಳು, ಕನ್ನಡ, ಬ್ಯಾರಿ ಮಾತಾಡುವವರ ಜೊತೆ ಒಡಿಶಾ, ಬಂಗಾಳದಿಂದ ಬಂದ ಕೆಲಸಗಾರರೂ ಇದ್ದಾರೆ. ಎಚ್ಚರಿಕೆ ಅವರೆಲ್ಲರಿಗೂ ಅರ್ಥವಾಗಬೇಕು.

ಇನ್ನೊಂದು ಅಗತ್ಯ, ಕೆಲಸ ಮಾಡಿದವರ ಹೆಸರಿನ ಪಟ್ಟಿ. 1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಬಂಡೆಗೆ ಬಡಿದು ನಾಲ್ಕು ಕೋಟಿ ಲೀಟರಿಗೂ ಹೆಚ್ಚು ಎಣ್ಣೆ ಚೆಲ್ಲಿತು. ಸುಮಾರು 11,000 ಮಂದಿ ಶುದ್ಧೀಕರಣ ಮಾಡಿದರು. ಬಿಸಿನೀರನ್ನು ರಭಸದಿಂದ ಬಂಡೆಗಳಿಗೆ ಹೊಡೆದಾಗ ಎದ್ದ ಎಣ್ಣೆಯ ಮಂಜನ್ನು ಅವರಲ್ಲಿ ಹಲವರು ಉಸಿರಾಡಿದರು. ಆದರೆ ಅವರ ಆರೋಗ್ಯವನ್ನು ವರ್ಷಗಟ್ಟಲೆ ಬೆನ್ನುಹತ್ತಿ ನೋಡುವ ದೊಡ್ಡ ಅಧ್ಯಯನ ನಡೆಯಲೇ ಇಲ್ಲ. ಆಮೇಲೆ ಕೆಮ್ಮು ಬಂದವನಿಗೆ "ಇದು ಎಣ್ಣೆಯಿಂದಲೇ ಬಂತು" ಎಂದು ತೋರಿಸಲು ದಾರಿ ಇರಲಿಲ್ಲ.

2010ರಲ್ಲಿ ಆ ತಪ್ಪು ತಿದ್ದಿಕೊಂಡರು. 55,000ಕ್ಕೂ ಹೆಚ್ಚು ಕೆಲಸಗಾರರ ಪಟ್ಟಿ ಮಾಡಿದರು. ಆಮೇಲೆ ಅಲ್ಲಿನ ರಾಷ್ಟ್ರೀಯ ಪರಿಸರ ಆರೋಗ್ಯ ವಿಜ್ಞಾನ ಸಂಸ್ಥೆ ಸುಮಾರು 33,000 ಮಂದಿಯನ್ನು ಸೇರಿಸಿಕೊಂಡು ದೀರ್ಘಕಾಲದ ಅಧ್ಯಯನ ಆರಂಭಿಸಿತು. ಹೆಚ್ಚು ಎಣ್ಣೆಗೆ ಒಡ್ಡಿಕೊಂಡವರಲ್ಲಿ ಕೆಮ್ಮು, ಉಬ್ಬಸದಂಥ ತೊಂದರೆ ಹೆಚ್ಚು ಕಂಡಿತು. ಮನಸ್ಸಿನ ಖಿನ್ನತೆಯೂ ಕಂಡಿತು. ಇದು ತಿಳಿದದ್ದು ಪಟ್ಟಿ ಇದ್ದದ್ದರಿಂದ. ಯಾರು, ಎಲ್ಲಿ, ಎಷ್ಟು ದಿನ ಕೆಲಸ ಮಾಡಿದರು ಎಂಬ ಒಂದು ಹಾಜರಿ ಪುಸ್ತಕ ಹತ್ತು ವರ್ಷದ ನಂತರ ಔಷಧಿಯಷ್ಟೇ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ನಾವೇನು ಮಾಡೋಣ?

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. 2007ರ ಡಿಸೆಂಬರ್ 7ರಂದು ದಕ್ಷಿಣ ಕೊರಿಯಾದಲ್ಲಿ ಹೆಬೆಯ್ ಸ್ಪಿರಿಟ್ ಹಡಗಿನಿಂದ ಎಣ್ಣೆ ಚೆಲ್ಲಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ದಡಕ್ಕೆ ಬಂದರು. ಕಡಲತೀರ ಬೇಗ ಸುಧಾರಿಸಿತು. ಆದರೆ ಕೆಲಸ ಮಾಡಿದ ಹಲವರಲ್ಲಿ ತಲೆನೋವು, ವಾಕರಿಕೆ, ಕಣ್ಣಿನ ಮತ್ತು ಚರ್ಮದ ಉರಿ ಕಂಡದ್ದನ್ನು ಅಲ್ಲಿನ ವೈದ್ಯರು ದಾಖಲಿಸಿದರು. ಒಳ್ಳೆಯ ಮನಸ್ಸು ವಿಷವನ್ನು ತಡೆಯುವುದಿಲ್ಲ.

ಮಕ್ಕಳಿಗಂತೂ ಅಪಾಯ ಹೆಚ್ಚು. ದೇಹದ ತೂಕಕ್ಕೆ ಹೋಲಿಸಿದರೆ ನೀವು ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತೀರಿ, ಜೊತೆಗೆ ನಿಮ್ಮ ಅಂಗಗಳು ಇನ್ನೂ ಬೆಳೆಯುತ್ತಿವೆ. ಆದ್ದರಿಂದ 18 ತುಂಬದವರು ಎಣ್ಣೆ ಮುಟ್ಟುವ ಕೆಲಸಕ್ಕೆ ಹೋಗಬಾರದು. ಗರ್ಭಿಣಿಯರು, ಉಬ್ಬಸ ಇರುವವರೂ ದೂರ ಇರಬೇಕು.

ಆದರೆ ಕೈಕಟ್ಟಿ ಕೂರಬೇಕಾಗಿಲ್ಲ. ದಡದಲ್ಲಿ ಎಣ್ಣೆ, ಡ್ರಮ್ಮು, ಕಂಟೈನರ್ ಕಂಡರೆ ಮುಟ್ಟದೆ ದೂರ ಸರಿದು, ಗಾಳಿ ಬೀಸಿ ಬರುವ ಕಡೆ ನಿಂತು ದೊಡ್ಡವರಿಗೆ ತಿಳಿಸಿ. 112ಕ್ಕೆ ಅಥವಾ ಕೋಸ್ಟ್ ಗಾರ್ಡಿನ 1554ಕ್ಕೆ ಫೋನ್ ಮಾಡಿಸಿ. ಕಡಲಿನಲ್ಲಿ ಎಣ್ಣೆ ಚೆಲ್ಲಿದಾಗ ನಮ್ಮ ದೇಶದಲ್ಲಿ ಕಾರ್ಯಾಚರಣೆಯನ್ನು ಹೊಂದಿಸುವ ಹೊಣೆ ಕೋಸ್ಟ್ ಗಾರ್ಡಿನದ್ದು. ಮನೆಯವರು ಶುದ್ಧೀಕರಣಕ್ಕೆ ಹೊರಟರೆ ಈ ಐದು ಪ್ರಶ್ನೆ ಕೇಳಲು ಹೇಳಿ: ಗಾಳಿ ಅಳೆದಿದ್ದಾರಾ? ಯಾವ ಗ್ಲೌಸ್ ಕೊಡುತ್ತಾರೆ? ನೆರಳು, ನೀರು, ವಿಶ್ರಾಂತಿ ಉಂಟಾ? ಬಟ್ಟೆ ಬದಲಿಸಿ ತೊಳೆಯುವ ವ್ಯವಸ್ಥೆ ಉಂಟಾ? ನನ್ನ ಹೆಸರು ಬರೆದುಕೊಂಡಿದ್ದೀರಾ?

ಸೊಲ್ಲಾಪುರ, ಆದವಾನಿ, ತಾಳವಾಡಿ ಕಡೆ ಓದುತ್ತಿರುವ ನಿಮಗೆ ಕಡಲು ದೂರ. ಆದರೆ ಹೆದ್ದಾರಿ ಹತ್ತಿರ ಉಂಟಲ್ಲ? ಟ್ಯಾಂಕರ್ ಪಲ್ಟಿಯಾದಾಗ ಕೊಡ, ಕ್ಯಾನು ಹಿಡಿದು ಓಡುವವರನ್ನು ನೋಡಿರಬಹುದು. ಅಲ್ಲಿ ಹೇಳಿದ ಆವಿಯ ಜೊತೆ ಬೆಂಕಿಯೂ ಕಾಯುತ್ತಿರುತ್ತದೆ. ಒಂದು ಕಿಡಿ ಸಾಕು. ಓಡಬೇಕಾದದ್ದು ಟ್ಯಾಂಕರಿನ ಕಡೆಗಲ್ಲ, ಅದರಿಂದ ದೂರಕ್ಕೆ.

ಬಕೆಟ್ ಹಿಡಿದು ಹೊರಟಿದ್ದ ಆ ಹುಡುಗನಿಗೆ ಮರುದಿನ ರಬ್ಬರ್ ಬ್ಯಾಂಡಿನ ಪ್ರಯೋಗ ಮಾಡಿಸಿದೆ. ಊದಿದ ಬ್ಯಾಂಡನ್ನು ಇಕ್ಕಳದಲ್ಲಿ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ಕೇಳಿದ, "ಟೀಚರ್, ಅಪ್ಪ ಎಂಜಿನ್ ರಿಪೇರಿ ಮಾಡಿ ಕೈ ತೊಳೆಯೋದು ಡೀಸೆಲಲ್ಲೇ. ಇವತ್ತು ಹೋಗಿ ಹೇಳ್ಲಾ?"

ಹೇಳು ಅಂದೆ. ನೀವೂ ಹೇಳಿ.

ಯೋಚಿಸಿ, ಬರೆಯಿರಿ

1. ಎಣ್ಣೆ ಚೆಲ್ಲಿದ ಮೊದಲ ದಿನದ ಅಪಾಯಕ್ಕೂ ಹತ್ತನೇ ದಿನದ ಅಪಾಯಕ್ಕೂ ಏನು ವ್ಯತ್ಯಾಸ? ಯಾಕೆ?
2. ಎನ್-95 ಮಾಸ್ಕ್ ಬೆನ್ಜೀನ್ ಆವಿಯನ್ನು ತಡೆಯದಿರಲು ಕಾರಣವೇನು?
3. ಒಬ್ಬ ಕೆಲಸಗಾರನ ದೇಹದಲ್ಲಿ ಸೆಕೆಂಡಿಗೆ 300 ಜೂಲ್ ಶಾಖ ಹುಟ್ಟುತ್ತದೆ. ಅದೆಲ್ಲ ಹೊರಹೋಗಲು ಒಂದು ಗಂಟೆಯಲ್ಲಿ ಎಷ್ಟು ಬೆವರು ಆವಿಯಾಗಬೇಕು?
4. ನಿಮ್ಮ ಊರಿನಲ್ಲಿ ಎಣ್ಣೆ, ಗ್ರೀಸ್, ಪೇಂಟ್ ಅಥವಾ ಕೀಟನಾಶಕದ ಕೆಲಸ ಮಾಡುವ ಒಬ್ಬರನ್ನು ಮಾತಾಡಿಸಿ. ಅವರು ಕೈ ತೊಳೆಯುವುದು ಯಾವುದರಲ್ಲಿ? ಕೆಲಸದ ಬಟ್ಟೆ ಎಲ್ಲಿ ಬಿಡುತ್ತಾರೆ? ಅವರ ಡಬ್ಬಿಗಳ ಮೇಲಿನ ಎಚ್ಚರಿಕೆ ಯಾವ ಭಾಷೆಯಲ್ಲಿ ಉಂಟು?